ಗಿಟಾರ್ ಆಂಪ್ ಮೂಕವಾದರೆ ಮೊದಲು ವಾಲ್ವ್ ಕೀಳಬೇಡಿ

ಸಂಪಾದಕರಿಗೆ,

ಮಾನ್ಯರೇ,

ಗಣೇಶೋತ್ಸವ, ರಾಜ್ಯೋತ್ಸವದ ದಿನಗಳಲ್ಲಿ ದಾವಣಗೆರೆ, ಚಿತ್ರದುರ್ಗದ ಆರ್ಕೆಸ್ಟ್ರಾ ವೇದಿಕೆಗಳಲ್ಲಿ ಒಂದು ತೊಂದರೆ ಮತ್ತೆ ಮತ್ತೆ ಕಾಣುತ್ತದೆ. ಹಾಡಿನ ನಡುವೆ ಗಿಟಾರಿನ ದನಿ ಥಟ್ಟನೆ ನಿಲ್ಲುತ್ತದೆ. ದನಿ ಹಿಗ್ಗಿಸುವ ಪೆಟ್ಟಿಗೆಯಾದ ಆಂಪಿನ ದೀಪ ಉರಿಯುತ್ತಿರುತ್ತದೆ, ಒಳಗಿನ ಗಾಜಿನ ಕೊಳವೆಗಳಾದ ವಾಲ್ವ್‌ಗಳೂ ಹೊಳೆಯುತ್ತಿರುತ್ತವೆ. ಯಾರಾದರೂ ಪೆಟ್ಟಿಗೆಗೆ ಒಂದು ಗುದ್ದು ಕೊಟ್ಟರೆ ದನಿ ಮರಳುತ್ತದೆ, ಎರಡು ಹಾಡು ಮುಗಿಯುವಷ್ಟರಲ್ಲಿ ಮತ್ತೆ ಮಾಯ. ಮರುದಿನ ರಿಪೇರಿಗೆ ಒಯ್ದರೆ ‘ವಾಲ್ವ್ ಹೋಗಿದೆ, ಪೂರ್ತಿ ಸೆಟ್ ಹಾಕಬೇಕು’ ಎಂಬ ಉತ್ತರ ಸಿಗುತ್ತದೆ. ಹೊಸ ಸೆಟ್ ಹಾಕಿಸಿದ ಮೇಲೂ ತೊಂದರೆ ಹಾಗೇ ಉಳಿದಾಗ ಆಂಪ್ ಮೂಲೆ ಸೇರುತ್ತದೆ. ಇದು ತಪ್ಪಬೇಕು. ಹೋಗಿ ಬರುವ ದನಿಗೆ ಬಹುಪಾಲು ಕಾರಣ ಲೂಸ್ ಕಾಂಟ್ಯಾಕ್ಟ್ ಅಥವಾ ಡ್ರೈ ಸೋಲ್ಡರ್, ಅಂದರೆ ಬಿರುಕು ಬಿಟ್ಟ ಬೆಸುಗೆ. ವಾಲ್ವಿನ ಸರದಿ ಅದಾದ ಮೇಲೆ. ಒಂದು ಕಾಲಕ್ಕೆ ಬೆಂಗಳೂರಿನ ಬಿಇಎಲ್ ಕಾರ್ಖಾನೆಯಲ್ಲೇ ವಾಲ್ವ್‌ಗಳು ತಯಾರಾಗುತ್ತಿದ್ದವು. ಈಗ ಸ್ಲೊವಾಕಿಯಾ, ರಷ್ಯಾ, ಚೀನಾದಿಂದ ಬರಬೇಕು. ಅಂದಾಜಿನ ಮೇಲೆ ಬದಲಿಸುವಷ್ಟು ಅಗ್ಗದ ವಸ್ತು ಅದಲ್ಲ.

ದನಿ ಹೇಗೆ ಹೋಗುತ್ತದೆ ಎಂಬುದನ್ನು ಮೊದಲು ಗಮನಿಸಿ. ಚಟಚಟ ಸದ್ದಿನೊಂದಿಗೆ ಥಟ್ಟನೆ ಕಡಿದರೆ ಸಿಗ್ನಲ್ ಸಾಗುವ ದಾರಿಯಲ್ಲಿ ಎಲ್ಲೋ ಕಾಂಟ್ಯಾಕ್ಟ್ ಬಿಡುತ್ತಿದೆ. ಹತ್ತಾರು ಸೆಕೆಂಡು ತೆಗೆದುಕೊಂಡು ಮೆಲ್ಲಗೆ ಇಳಿದು, ಮೆಲ್ಲಗೇ ಏರಿ ಬಂದರೆ ವಾಲ್ವಿನೊಳಗೆ ಬಿಸಿ ಕೊಡುವ ಹೀಟರ್ ಕಡೆ ನೋಡಬೇಕು. ಹೀಟರಿಗೆ ಕರೆಂಟು ತಪ್ಪಿದರೂ ಅದು ಕಾಯಿಸುವ ಕ್ಯಾಥೋಡ್ (ಎಲೆಕ್ಟ್ರಾನ್ ಹೊರಸೂಸುವ ಭಾಗ) ತಣಿಯಲು ಹೊತ್ತು ಹಿಡಿಯುತ್ತದೆ, ಆ ನಿಧಾನಕ್ಕೆ ಅದೇ ಕಾರಣ. ಮೆಲ್ಲಗೆ ನುಡಿಸಿದಾಗ ದನಿಯೇ ಇಲ್ಲ, ತಂತಿಯನ್ನು ಜೋರಾಗಿ ಮೀಟಿದೊಡನೆ ಚಿಮ್ಮಿ ಬರುತ್ತದೆ ಎಂದಾದರೆ ಅದು ಕಿಲುಬು ಹಿಡಿದ ಕಾಂಟ್ಯಾಕ್ಟಿನ ಗುರುತು. ಸಣ್ಣ ಸಿಗ್ನಲ್ ಆ ತೆಳುವಾದ ಪದರವನ್ನು ದಾಟಲಾರದು, ದೊಡ್ಡದು ಭೇದಿಸಿಕೊಂಡು ಬರುತ್ತದೆ.

ಈ ಕಿಲುಬಿಗೆ ಅತಿ ಹೆಚ್ಚು ಬಲಿಯಾಗುವ ಜಾಗ ಆಂಪಿನ ಹಿಂಬದಿಯ ಎಫೆಕ್ಟ್ಸ್ ಲೂಪ್, ಅಂದರೆ ದನಿಯ ಬಣ್ಣ ಬದಲಿಸುವ ಪೆಡಲಿಗೆ ಸಿಗ್ನಲ್ ಕಳಿಸಿ ಮರಳಿ ಪಡೆಯುವ ದಾರಿ. ಅಲ್ಲಿ ‘ಸೆಂಡ್’, ‘ರಿಟರ್ನ್’ ಎಂಬ ಎರಡು ಜಾಕ್‌ಗಳಿರುತ್ತವೆ. ನಮ್ಮ ಕಡೆಯ ಹೆಚ್ಚಿನ ವಾದಕರು ಅವನ್ನು ಮುಟ್ಟುವುದೇ ಇಲ್ಲ, ಮುಟ್ಟದಿರುವುದೇ ತೊಂದರೆಯ ಮೂಲ. ಸೀರೀಸ್ ಲೂಪ್ (ಇಡೀ ದನಿ ಲೂಪಿನ ಮೂಲಕವೇ ಹೋಗುವ ಬಗೆ) ಇರುವ ಅನೇಕ ಆಂಪ್‌ಗಳಲ್ಲಿ ರಿಟರ್ನ್ ಜಾಕಿನೊಳಗೆ ಒಂದು ಪುಟ್ಟ ಸ್ವಿಚ್ ಇದೆ. ಕೇಬಲ್ಲಿನ ಪಿನ್ ಚುಚ್ಚದಿದ್ದಾಗ ಸೆಂಡನ್ನು ರಿಟರ್ನಿಗೆ ಕೂಡಿಸುವುದು ಅದೇ. ಅಂದರೆ ಗಿಟಾರಿನ ಇಡೀ ದನಿ ಆ ಅಕ್ಕಿಕಾಳಿನಷ್ಟು ಲೋಹದ ತುದಿಯ ಮೂಲಕ ಹಾಯಬೇಕು. ಬೇಸಿಗೆಯಲ್ಲಿ ನಾಯಕನಹಟ್ಟಿ, ಚಳ್ಳಕೆರೆ ಕಡೆಯ ಜಾತ್ರೆಗಳ ಧೂಳು ಕುಡಿದು, ಮಳೆಗಾಲವಿಡೀ ಗೋದಾಮಿನಲ್ಲಿ ಮುಚ್ಚಿಟ್ಟುಕೊಂಡು ಕೂತ ಆಂಪಿನಲ್ಲಿ ಆ ತುದಿ ಕಪ್ಪಾಗಿರುತ್ತದೆ.

ಪರೀಕ್ಷೆ ಒಂದೇ ನಿಮಿಷದ್ದು. ಒಂದು ಚಿಕ್ಕ ಪ್ಯಾಚ್ ಕೇಬಲ್ಲನ್ನು ಸೆಂಡ್‌ನಿಂದ ರಿಟರ್ನ್‌ಗೆ ಹಾಕಿ ನುಡಿಸಿ ನೋಡಿ. ದನಿ ಗಟ್ಟಿಯಾಗಿ ನಿಂತರೆ ಪೆಟ್ಟಿಗೆ ಬಿಚ್ಚದೆಯೇ ದೋಷ ಸಿಕ್ಕಿತು. ಅಂದಿನ ಕಾರ್ಯಕ್ರಮವನ್ನು ಆ ಕೇಬಲ್ ಹಾಕಿಕೊಂಡೇ ಮುಗಿಸಬಹುದು. ಆಮೇಲೆ ಆಂಪ್ ಆಫ್ ಮಾಡಿ, ಪಿನ್ನಿಗೆ ಸ್ವಲ್ಪ ಕಾಂಟ್ಯಾಕ್ಟ್ ಕ್ಲೀನರ್ ಹಚ್ಚಿ, ಜಾಕಿಗೆ ಹದಿನೈದು ಇಪ್ಪತ್ತು ಸಲ ಹಾಕಿ ತೆಗೆಯಬೇಕು. ಉಪ್ಪುಕಾಗದ ಬೇಡ. ಅದು ಕಿಲುಬಿನ ಜತೆ ಮೇಲಿನ ಲೇಪವನ್ನೂ ಕಿತ್ತು, ತೊಂದರೆ ಬೇಗ ಮರಳುವಂತೆ ಮಾಡುತ್ತದೆ. ಸ್ವಿಚ್ಚಿನ ಪತ್ತಿ ಬಾಗಿ ಬಲ ಕಳೆದುಕೊಂಡಿದ್ದರೆ ಜಾಕನ್ನೇ ಬದಲಿಸುವುದು ಸರಿ, ಅದರ ಬೆಲೆ ಒಂದು ವಾಲ್ವಿನ ಬೆಲೆಯ ಮುಂದೆ ಏನೇನೂ ಅಲ್ಲ.

ಪ್ಯಾಚ್ ಕೇಬಲ್ಲಿನಿಂದ ಸರಿಹೋಗದಿದ್ದರೂ ಅದೇ ಲೂಪ್ ಆಂಪನ್ನು ಎರಡು ಹೋಳು ಮಾಡಿ ತೋರಿಸುತ್ತದೆ. ಗಿಟಾರನ್ನೋ ಪೆಡಲನ್ನೋ ನೇರ ರಿಟರ್ನ್‌ಗೆ ಚುಚ್ಚಿ. ದನಿ ಸಣ್ಣದಾಗಿಯೇ ಬರುತ್ತದೆ, ಅದು ಸಹಜ. ಅರ್ಧ ಗಂಟೆ ಕಡಿಯದೆ ಬಂದರೆ ದೋಷ ಮೊದಲ ಹಂತವಾದ ಪ್ರಿಆಂಪಿನಲ್ಲಿದೆ; ಇಲ್ಲೂ ಕಡಿದರೆ ಸ್ಪೀಕರನ್ನು ನಡೆಸುವ ಪವರ್ ಭಾಗದಲ್ಲಿ ಅಥವಾ ಸ್ಪೀಕರಿನಲ್ಲಿ. ಇದಕ್ಕೆಲ್ಲ ಮೊದಲು ಪೆಡಲ್‌ಗಳನ್ನು ಬಿಡಿಸಿ, ಬೇರೊಂದು ಒಳ್ಳೆಯ ಕೇಬಲ್ ಹಾಕಿ, ಗಿಟಾರನ್ನು ನೇರ ಆಂಪಿಗೆ ಕೊಟ್ಟು ನೋಡಿರಬೇಕು ಎಂದು ಬೇರೆ ಹೇಳಬೇಕಿಲ್ಲ. ಇನ್‌ಪುಟ್ ಜಾಕಿನಲ್ಲೂ ಒಂದು ಸ್ವಿಚ್ ಇದೆ. ಪಿನ್ ಇಲ್ಲದಾಗ ಇನ್‌ಪುಟ್ಟನ್ನು ಅರ್ತ್ ಮಾಡುವುದು ಅದರ ಕೆಲಸ. ಅದು ಬಿಚ್ಚಿಕೊಳ್ಳದೆ ಅಂಟಿಕೊಂಡರೆ ಗಿಟಾರಿನ ದನಿ ಬಾಗಿಲಲ್ಲೇ ಅರ್ತ್ ಆಗಿಬಿಡುತ್ತದೆ. ಜಾಕಿನ ನಟ್ ಸಡಿಲವಿದ್ದರೆ ಕೇಬಲ್ ಎಳೆದಾಗಲೆಲ್ಲ ಭಾರ ಬೋರ್ಡಿನ ಬೆಸುಗೆಯ ಮೇಲೆ ಬಿದ್ದು ಅಲ್ಲಿ ಬಿರುಕು ಬಿಡುತ್ತದೆ.

ಸ್ಪೀಕರ್ ಕಡೆಯ ಲೂಸ್ ಕಾಂಟ್ಯಾಕ್ಟ್ ಮಾತ್ರ ಬರೀ ಕಿರಿಕಿರಿಯ ವಿಷಯವಲ್ಲ. ವಾಲ್ವ್ ಆಂಪನ್ನು ಸ್ಪೀಕರ್ ಇಲ್ಲದೆ ನುಡಿಸಬಾರದು. ಲೋಡ್, ಅಂದರೆ ಸ್ಪೀಕರ್, ತಪ್ಪಿದ ಗಳಿಗೆಯಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ವಿಪರೀತ ಏರಿ ವಾಲ್ವ್ ಕೂರುವ ಬೇಸಿನಲ್ಲಿ ಕಿಡಿ ಹಾರಬಹುದು, ಒಳಗಿನ ಸುತ್ತುಗಳ ಇನ್ಸುಲೇಷನ್ ಒಡೆಯಬಹುದು. ಆ ಟ್ರಾನ್ಸ್‌ಫಾರ್ಮರ್ ಹೋದರೆ ನಿಜಕ್ಕೂ ದುಬಾರಿ. ಆದ್ದರಿಂದ ದನಿ ಕಡಿದೊಡನೆ ನುಡಿಸುವುದನ್ನು ನಿಲ್ಲಿಸಿ, ಸ್ಟ್ಯಾಂಡ್‌ಬೈಗೆ ಹಾಕಿ, ಸ್ಪೀಕರ್ ಪಿನ್ ನೋಡುವುದೇ ಮೊದಲ ಕೆಲಸವಾಗಲಿ. ಗಿಟಾರಿನ ಶೀಲ್ಡೆಡ್ ಕೇಬಲ್ಲನ್ನು ಸ್ಪೀಕರಿಗೆ ಬಳಸುವ ರೂಢಿ ಅನೇಕ ಕಡೆ ಇದೆ. ನೋಡಲು ಒಂದೇ ಥರ ಕಂಡರೂ ಅದರೊಳಗಿನ ಎಳೆ ತೀರ ಸಣ್ಣದು. ಸ್ಪೀಕರಿಗೆ ದಪ್ಪ ಎರಡೆಳೆಯ ವೈರೇ ಆಗಬೇಕು.

ಜನರೇಟರ್ ಅಥವಾ ಹಳ್ಳಿಯ ಲೈನಿನ ಮೇಲೆ ನಡೆಯುವ ಕಾರ್ಯಕ್ರಮಗಳಲ್ಲಿ ಮೀಟರ್ ಹಿಡಿದು ನೋಡುವುದೂ ಅಗತ್ಯ. 230 ವೋಲ್ಟ್ ಬರಬೇಕಾದಲ್ಲಿ 180 ಬಂದರೆ 6.3 ವೋಲ್ಟಿನ ಹೀಟರಿಗೆ ಸಿಗುವುದು 5ಕ್ಕೂ ಕಡಿಮೆ. ಆಗ ದನಿ ಸೊರಗುವುದು ಆಂಪಿನ ತಪ್ಪಲ್ಲ.

ಇನ್ನು ಪೆಟ್ಟಿಗೆ ಬಿಚ್ಚುವ ಮಾತು. ಒಳಗೆ 300ರಿಂದ 500 ವೋಲ್ಟಿನವರೆಗೆ ಡಿಸಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರುಗಳಲ್ಲಿ ಅದು ಉಳಿದುಕೊಂಡು ಪ್ರಾಣ ತೆಗೆಯಬಲ್ಲದು. ವಾಲ್ವ್ ಉಪಕರಣದ ಅಭ್ಯಾಸ ಇಲ್ಲದವರು ಇಲ್ಲಿಂದ ಮುಂದೆ ಕೈಹಾಕಬಾರದು. ಅಭ್ಯಾಸವಿದ್ದವರು ಪ್ಲಗ್ ತೆಗೆದು, 10 ಕಿಲೊಓಮ್, 10 ವಾಟಿನ ರೆಸಿಸ್ಟರನ್ನು ಇನ್ಸುಲೇಟೆಡ್ ಕ್ಲಿಪ್ಪಿನಲ್ಲಿ ಹಿಡಿದು ಪ್ರತಿ ಕಂಡೆನ್ಸರನ್ನೂ ಖಾಲಿ ಮಾಡಿ, ಮೀಟರಿನಲ್ಲಿ 5 ವೋಲ್ಟಿಗಿಂತ ಕೆಳಗೆ ಇಳಿದಿದೆ ಎಂದು ಕಣ್ಣಾರೆ ನೋಡಿಯೇ ಕೈಯಿಡಬೇಕು. ಸ್ಕ್ರೂಡ್ರೈವರಿನಿಂದ ನೇರ ಶಾರ್ಟ್ ಮಾಡುವ ಅಭ್ಯಾಸ ಬಿಡಬೇಕು, ಅದು ಕಂಡೆನ್ಸರಿಗೂ ಕೆಟ್ಟದ್ದು, ಕಣ್ಣಿಗೂ ಅಪಾಯ.

ಸ್ಪೀಕರೂ ಒಂದೇ ಪೆಟ್ಟಿಗೆಯಲ್ಲಿರುವ ಅನೇಕ ಕಾಂಬೊ ಆಂಪ್‌ಗಳಲ್ಲಿ ವಾಲ್ವ್‌ಗಳು ತಲೆಕೆಳಗಾಗಿ ಸ್ಪೀಕರಿನ ಬೆನ್ನಿಗೇ ನೇತಾಡುತ್ತವೆ. ಬಿಸಿ, ನಡುಕ, ಲಗೇಜ್ ಆಟೊದ ಕುಲುಕಾಟ ಎಲ್ಲ ಸೇರಿ ಬೇಸಿನ ಹಿಡಿತ ಸಡಿಲವಾಗುತ್ತದೆ. ಹಲ್ಲಿನ ಸಂದಿ ಉಜ್ಜುವ ಪುಟ್ಟ ಬ್ರಶ್ಶಿಗೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ಬೇಸಿನ ಒಂದೊಂದೇ ತೂತನ್ನು ಶುಚಿ ಮಾಡಿ, ದಬ್ಬಣದ ತುದಿಯಿಂದ ಒಳಗಿನ ಪತ್ತಿಗಳನ್ನು ಹಗುರಾಗಿ ಒಳಕ್ಕೆ ಒತ್ತಿದರೆ ಹಿಡಿತ ಮರಳುತ್ತದೆ. ಬೇಸ್ ನೇರ ಬೋರ್ಡಿನ ಮೇಲೆ ಕೂತಿದ್ದರೆ ಅದರ ಬೆಸುಗೆಗಳನ್ನು ಭೂತಗನ್ನಡಿಯಲ್ಲಿ ನೋಡಿ. ಪಿನ್ನಿನ ಸುತ್ತ ಕೂದಲೆಳೆಯಂಥ ಉಂಗುರ ಕಂಡರೆ ಅದೇ ಡ್ರೈ ಸೋಲ್ಡರ್. ‘ಇಪ್ಪತ್ತು ನಿಮಿಷ ಬಿಸಿಯಾದ ಮೇಲೆ ದನಿ ಹೋಗುತ್ತದೆ’ ಎಂಬ ದೂರಿಗೆ ಇದು ಸಾಮಾನ್ಯ ಕಾರಣ. ಬಿಸಿಗೆ ಪಿನ್ ಹಿಗ್ಗಿದಂತೆ ಬಿರುಕು ಬಾಯಿಬಿಡುತ್ತದೆ. ಹಳೆಯ ಸೀಸವನ್ನು ಪೂರ್ತಿ ಹೀರಿ ತೆಗೆದು ಹೊಸದಾಗಿ 60/40 (ತವರ–ಸೀಸ) ಬೆಸುಗೆ ಹಾಕಬೇಕು. ಹಳೆಯದನ್ನೇ ಕರಗಿಸಿ ಬಿಟ್ಟರೆ ಕೆಲವೇ ಕಾರ್ಯಕ್ರಮಗಳಲ್ಲಿ ಮತ್ತೆ ಅದೇ ಪಾಡು.

ಆಂಪ್ ಚಾಲೂ ಇರುವಾಗ ತಟ್ಟಿ ನೋಡಲು ಒಣಗಿದ ಮರದ ಕಡ್ಡಿಯೇ ಆಗಬೇಕು. 12ಎಎಕ್ಸ್7ನಂಥ ಪ್ರಿಆಂಪ್ ವಾಲ್ವನ್ನು ಮೆಲ್ಲಗೆ ತಟ್ಟಿದಾಗ ದನಿ ಹೋಗಿ ಬಂದರೆ, ಒಳ್ಳೆಯದೆಂದು ಗೊತ್ತಿರುವ ಒಂದೇ ಒಂದು ವಾಲ್ವನ್ನು ಒಂದೊಂದು ಜಾಗಕ್ಕೂ ಹಾಕಿ ನೋಡಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಕಾರಣ ಯಾವುದೆಂದು ಎಂದಿಗೂ ತಿಳಿಯದು. ಪವರ್ ವಾಲ್ವ್‌ಗಳನ್ನು ಮಾತ್ರ ಚಾಲೂ ಸ್ಥಿತಿಯಲ್ಲಿ ಅಲುಗಾಡಿಸಬೇಡಿ. ಫಿಕ್ಸೆಡ್ ಬಯಾಸ್ (ವಾಲ್ವಿನ ಕರೆಂಟನ್ನು ಹಿಡಿತದಲ್ಲಿಡುವ ವೋಲ್ಟೇಜನ್ನು ಹೊರಗಿನಿಂದ ಕೊಡುವ) ಆಂಪಿನಲ್ಲಿ ಇಎಲ್34 ಎಂಬ ಪವರ್ ವಾಲ್ವಿನ 5ನೇ ಪಿನ್ ಕಾಂಟ್ಯಾಕ್ಟ್ ಬಿಟ್ಟರೆ ಬಯಾಸ್ ತಪ್ಪಿ ಒಳಗಿನ ಲೋಹದ ಪ್ಲೇಟ್ ಕೆಂಡವಾಗುತ್ತದೆ.

ಅಷ್ಟಕ್ಕೂ ಸಿಗದಿದ್ದರೆ ದನಿ ಹೋದ ಗಳಿಗೆಯಲ್ಲೇ ವೋಲ್ಟೇಜ್ ಅಳೆಯಬೇಕು. 12ಎಎಕ್ಸ್7ರ 1 ಮತ್ತು 6ನೇ ಪಿನ್ನುಗಳು ಪ್ಲೇಟ್. ದನಿ ಹಿಗ್ಗಿಸುವ ಸಾಮಾನ್ಯ ಗೇನ್ ಹಂತದಲ್ಲಿ ಅಲ್ಲಿ 150ರಿಂದ 200 ವೋಲ್ಟ್, 3 ಮತ್ತು 8ನೇ ಪಿನ್ನಿನ ಕ್ಯಾಥೋಡಿನಲ್ಲಿ 1ರಿಂದ 2 ವೋಲ್ಟ್ ಇರುತ್ತದೆ. ದನಿ ಹೋದಾಗ ಪ್ಲೇಟ್ ವೋಲ್ಟೇಜ್ ಒಳಗಿನ ಡಿಸಿ ಮೂಲವಾದ ಎಚ್‌ಟಿಯಷ್ಟೇ ಎತ್ತರಕ್ಕೆ ಜಿಗಿದರೆ ವಾಲ್ವಿನಲ್ಲಿ ಕರೆಂಟು ಹರಿಯುತ್ತಿಲ್ಲ. ಕ್ಯಾಥೋಡ್ ರೆಸಿಸ್ಟರ್, ಹೀಟರ್, ಬೇಸ್ ನೋಡಿ. ಸೊನ್ನೆಗೆ ಇಳಿದರೆ ಸಾಮಾನ್ಯವಾಗಿ 100 ಕಿಲೊಓಮಿನ ಪ್ಲೇಟ್ ರೆಸಿಸ್ಟರೋ ಅದರ ಬೆಸುಗೆಯೋ ಬಿಟ್ಟಿದೆ. ಯಾವ ವೋಲ್ಟೇಜೂ ಕದಲದಿದ್ದರೆ ವಾಲ್ವ್ ನಿರ್ದೋಷಿ ಎಂದೇ ಬಹುಮಟ್ಟಿಗೆ ಹೇಳಬಹುದು. ಮುಂದಿನ ಕಪ್ಲಿಂಗ್ ಕಂಡೆನ್ಸರ್, ವಾಲ್ಯೂಮ್ ಕಂಟ್ರೋಲ್, ಚಾನೆಲ್ ಬದಲಿಸುವ ರಿಲೇ, ಜಾಕ್ ಈ ನಾಲ್ಕರಲ್ಲಿ ಹುಡುಕಿ.

ಆಂಪ್ ಇಟ್ಟುಕೊಂಡವರಲ್ಲಿ ಒಂದು ವಿನಂತಿ: ರಿಪೇರಿಗೆ ಕೊಡುವಾಗ ‘ಸರಿ ಇಲ್ಲ’ ಎಂದಷ್ಟೇ ಹೇಳಿ ಬರಬೇಡಿ. ಚಾಲೂ ಮಾಡಿ ಎಷ್ಟು ನಿಮಿಷಕ್ಕೆ ದನಿ ಹೋಯಿತು, ಥಟ್ಟನೆಯೋ ಮೆಲ್ಲಗೋ, ಜೋರಾಗಿ ಮೀಟಿದಾಗ ಮರಳಿತೇ, ಸೆಂಡ್–ರಿಟರ್ನ್ ಕೇಬಲ್ ಹಾಕಿದಾಗ ಏನಾಯಿತು, ಎರಡೂ ಚಾನೆಲ್‌ಗಳಲ್ಲಿ ಹೀಗೆಯೇ ಎಂದು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿ. ತೊಂದರೆ ಕಾಣಿಸಿಕೊಂಡಾಗ ಬಳಸುತ್ತಿದ್ದ ಗಿಟಾರ್ ಕೇಬಲ್, ಫುಟ್‌ಸ್ವಿಚ್, ಸ್ಪೀಕರ್ ವೈರ್ ಮೂರನ್ನೂ ಆಂಪಿನ ಜತೆಯಲ್ಲೇ ಕೊಡಿ. ರಿಪೇರಿ ಮಾಡುವವರು ಹಳೆಯ ವಾಲ್ವ್‌ಗಳನ್ನು ಯಾವುದು ಯಾವ ಜಾಗದ್ದೆಂದು ಗುರುತು ಹಾಕಿ ಮಾಲೀಕರಿಗೆ ಹಿಂತಿರುಗಿಸಲಿ.

ಇಂತಿ,
ವಾಲ್ವ್ ಆಂಪ್ ರಿಪೇರಿ ಬಲ್ಲ ಓದುಗರು,
ದಾವಣಗೆರೆ