ಹೊಸ ಕಾರಿನ ಕೊರಗು: ಅಪ್ಪಿಗೊಂದು ಪತ್ರ

ಚಿರಂಜೀವಿ ಅಪ್ಪಿಗೆ,

ದೊಡ್ಡಪ್ಪನ ಆಶೀರ್ವಾದಗಳು. ಶಿರಸಿಯಲ್ಲಿ ನಾವೆಲ್ಲ ಕ್ಷೇಮ. ಮಳೆ ಇನ್ನೂ ಬಿಟ್ಟಿಲ್ಲ. ಅಡಿಕೆ ತೋಟಕ್ಕೆ ಇನ್ನೊಂದು ಸಲ ಕೊಳೆ ರೋಗದ ಔಷಧಿ ಹೊಡೆಸಬೇಕು.

ಹಳೇ ಎಲೆಕ್ಟ್ರಿಕ್ ಕಾರು ಮಾರಿ ಕೊಂಡ ಹೊಸ ಎಲೆಕ್ಟ್ರಿಕ್ ಕಾರಿನಲ್ಲಿ ಚೌತಿಗೆ ಬಂದಾಗ ನೀನು ಏನೂ ಹೇಳಲಿಲ್ಲ. ಆದರೆ ಪೇಟೆಗೆ ಹೋಗುವಾಗ ನಾನು ಪಕ್ಕದಲ್ಲೇ ಕೂತಿದ್ದೆನಲ್ಲ. ಗಾಜಿಗೆ ಮಂಜು ಕಟ್ಟಿತು. ನಿನ್ನ ಎಡಗೈ ಹಳೇ ಕಾರಿನಲ್ಲಿ ಬಟನ್ ಇದ್ದ ಜಾಗಕ್ಕೇ ಹೋಯಿತು. ಅಲ್ಲಿ ಈಗ ಬಟನ್ ಇಲ್ಲ, ಬರೀ ಸ್ಕ್ರೀನ್. ಎರಡು ಸಲ ಒತ್ತಿದೆ, ಆಮೇಲೆ ಸುಮ್ನೆ ಕೈ ತೆಗೆದು ಬಟ್ಟೆಯಿಂದ ಗಾಜು ಒರೆಸಿದೆ. ಆಗಲೇ ನನಗೆ ಗೊತ್ತಾಯಿತು. ಮೊನ್ನೆ ಫೋನಿನಲ್ಲಿ "ಇದನ್ನೂ ಮಾರಿಬಿಡ್ತೇನೆ ದೊಡ್ಡಪ್ಪ" ಅಂದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ನಿಜ ಹೇಳುತ್ತೇನೆ. ನಿನಗೆ ಈ ಕಾರು ಬೇಕಿರಲಿಲ್ಲ. ಕಾರವಾರದಿಂದ ಅಂಕೋಲೆಗೆ ಹೋಗಿಬಂದರೆ ದಿನಕ್ಕೆ 70 ಕಿಲೋಮೀಟರ್. ಹಳೇದರ 30 ಯೂನಿಟ್ ಬ್ಯಾಟರಿಗೆ ಅದು ಯಾವ ಲೆಕ್ಕ? ಅದು ಸೋತಿರಲಿಲ್ಲ. ಹೊಸದರ ಆಸೆ ಬಂತು, ಕೊಂಡೆ. ಮೂಗಿಗಿಂತ ಮೂಗುತಿ ಭಾರವಾಯಿತು. ಆದರೆ ಮಾರುವ ಮಾತು ಮಾತ್ರ ಬೇಡ ಅಪ್ಪಿ.

ನಿನಗೆ ಗೊತ್ತಿಲ್ಲದ ಒಂದು ವಿಷಯ. ನೀನು ಹುಟ್ಟುವ ಮೊದಲು ತೋಟದಲ್ಲಿ 3 ಎಚ್‌ಪಿ ಪಂಪ್‌ಸೆಟ್ ಇತ್ತು. ಚೆನ್ನಾಗಿಯೇ ನೀರು ಎತ್ತುತ್ತಿತ್ತು. ಪಕ್ಕದ ತೋಟದವರು 5 ಎಚ್‌ಪಿ ತಂದರು ಅಂತ ನಾನೂ ಹಳೇದನ್ನು ಬಂದಷ್ಟಕ್ಕೆ ಕೊಟ್ಟು ದೊಡ್ಡದು ತಂದೆ. ಬೇಸಿಗೆಯಲ್ಲಿ ವೋಲ್ಟೇಜ್ ಬಿತ್ತು. ಮೋಟರ್ ಗುಂಯ್ ಅನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಸಿಟ್ಟು ಬಂತು. ಆರೇ ತಿಂಗಳಿಗೆ ಅದನ್ನೂ ಅರ್ಧ ಬೆಲೆಗೆ ಮಾರಿ, ಮತ್ತೆ 3 ಎಚ್‌ಪಿಯದೇ ಹೊಸದು ಕೊಂಡೆ. ಆ ಸಾಲ ತೀರಲು ಎರಡು ವರ್ಷದ ಅಡಿಕೆ ಬೇಕಾಯಿತು. ನಿನ್ನ ದೊಡ್ಡಾಯಿಯ ಬಳೆ ಬ್ಯಾಂಕಿಗೆ ಹೋಗಿತ್ತು. ಅವಳು ಇವತ್ತಿಗೂ ಒಂದು ಮಾತು ಆಡಿಲ್ಲ. ಅದೇ ನನಗೆ ಜಾಸ್ತಿ ನೋವು.

ಕಾರಿನ ಬೆಲೆ ಜಾಸ್ತಿ ಇಳಿಯುವುದು ಮೊದಲ ವರ್ಷವೇ. ಆ ದುಡ್ಡು ಆಗಲೇ ಹೋಯಿತು. ಈಗ ಮಾರಿದರೆ ಅದು ತಿರುಗಿ ಬರುವುದಿಲ್ಲ, ಕೈಯಲ್ಲಿ ಕಂತು ಉಳಿಯುತ್ತದೆ, ಕಾರು ಇರುವುದಿಲ್ಲ. ಹತ್ತು ವರ್ಷ ಓಡಿಸು. ಬ್ಯಾಟರಿಗೆ 8 ವರ್ಷದ ವಾರಂಟಿ ಇದೆ ಅಂತ ನೀನೇ ಹೇಳಿದ್ದೆ, ಅಲ್ವಾ? ಆ ಕಾಗದ ಜೋಪಾನ ಮಾಡು. ಸರ್ವಿಸ್ ತಪ್ಪಿಸಬೇಡ.

"ಒಂದು ಸಲ ಫುಲ್ ಚಾರ್ಜ್ ಮಾಡಿದರೆ 489 ಕಿಲೋಮೀಟರ್ ಅಂದಿದ್ದರು, 340 ಕೂಡ ಬರೋದಿಲ್ಲ" ಅಂತ ಬೇಜಾರು ಮಾಡಿಕೊಂಡೆ. ವಿಜ್ಞಾನ ಕಲಿಸಿದವನು ನಾನು, ಕೇಳು. ಆ 489 ಲ್ಯಾಬಿನಲ್ಲಿ ಉರುಳೆಗಳ ಮೇಲೆ ಓಡಿಸಿ ತೆಗೆದ ಲೆಕ್ಕ. ಅಲ್ಲಿ ಒಂದೇ ಸಮನೆ ಹೈವೇ ವೇಗದ ಓಟವೂ ಇಲ್ಲ, ದೇವಿಮನೆ ಘಟ್ಟವೂ ಇಲ್ಲ. ಕುಮಟೆಯಿಂದ ಇಲ್ಲಿಗೆ ಬರುವಾಗ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಏರುತ್ತೀಯ. 1,600 ಕಿಲೋ ಭಾರವನ್ನು ಅಷ್ಟು ಎತ್ತಲಿಕ್ಕೇ ಎರಡೂವರೆ ಯೂನಿಟ್ ಬೇಕು. ಇಳಿಯುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮೋಟರೇ ಕಾರನ್ನು ಹಿಡಿದು, ಅದರಲ್ಲಿ ಸಾಕಷ್ಟನ್ನು ಬ್ಯಾಟರಿಗೆ ವಾಪಸ್ ಕೊಡುತ್ತದೆ. ಒಂದು ಸಲ ಹೋಗಿಬಂದು ಎರಡೂ ಕಡೆಯ ಲೆಕ್ಕ ಬರೆದಿಡು. ನಿನ್ನ ದಾರಿಯ ಲೆಕ್ಕವೇ ನಿನಗೆ ಸರಿಯಾದದ್ದು.

ಆ ಸ್ಕ್ರೀನನ್ನು ಮನೆ ಮುಂದೆ ಕಾರು ನಿಲ್ಲಿಸಿಕೊಂಡು ಕಲಿ. ಓಡಿಸುತ್ತಾ ಬೇಡ. ಘಟ್ಟದ ಮಂಜಿನಲ್ಲಂತೂ ಬೇಡವೇ ಬೇಡ. ಮತ್ತೆ, ಮೊಬೈಲಿನಲ್ಲಿ ಹೊಸ ಮಾಡೆಲ್ ನೋಡುವುದನ್ನು ಬಿಡು.

ಇನ್ನೊಂದು. ನಿನ್ನೆ ಎಲೆಕ್ಟ್ರಿಷಿಯನ್ ಬಂದಿದ್ದ. ಜಗುಲಿಯ ಪಕ್ಕ 16 ಆಂಪಿಯರ್ ಪ್ಲಗ್ ಹಾಕಿಸಿದೆ, ಅರ್ಥಿಂಗ್ ಹೊಸದಾಗಿ ಮಾಡಿಸಿದೆ. ರಾತ್ರಿ ಹತ್ತು ತಾಸು ಹಚ್ಚಿಟ್ಟರೆ 30 ಯೂನಿಟ್ ಹತ್ತಿರ ತುಂಬುತ್ತದೆ. ದೀಪಾವಳಿಯ ದೊಡ್ಡಹಬ್ಬಕ್ಕೆ ನಿನ್ನ ಆಯಿಯನ್ನು ಕರೆದುಕೊಂಡು ಅದೇ ಕಾರಿನಲ್ಲಿ ಬಾ. ಅವಳು ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತುಕೊಳ್ಳಲಿ.

ನಿನ್ನ,
ದೊಡ್ಡಪ್ಪ