ಬಿಟ್ಟು ಬಂದ ಹತ್ತು ರೂಪಾಯಿ

ಧಾರವಾಡ
ಶನಿವಾರ ಸಂಜೆ

ಪ್ರೀತಿಯ ತಂಗಿ,

ನೀನು ಗದಗಿನಿಂದ ಕಳಿಸಿದ ಲಕೋಟೆ ಗುರುವಾರ ಮುಟ್ಟಿತು. ಹಿಂದಿನವರು ಬಿಟ್ಟುಹೋದ ಕಂಡಕ್ಟರ್ ಮಾವನ ಹಾಸ್ಯ ಧಾರಾವಾಹಿಗೆ ನೀನೀಗ ಬರೆಯುತ್ತಿರುವ ಕಂತುಗಳನ್ನು ಪಕ್ಕಕ್ಕಿಟ್ಟು ಮೊದಲು ವೀಕ್ಷಕರ ಪತ್ರಗಳನ್ನೇ ಓದಿದೆ. ಬೇಸರ ಮಾಡಿಕೊಳ್ಳಬೇಡ, ಈ ವಯಸ್ಸಿನಲ್ಲಿ ಬೇರೆಯವರಿಗೆ ಬಿದ್ದ ಬೈಗುಳ ಓದುವುದರಲ್ಲಿ ಒಂದು ಸುಖವಿದೆ. ಹೆಚ್ಚುಕಡಿಮೆ ಎಲ್ಲರದೂ ಒಂದೇ ರಾಗ: ಧಾರಾವಾಹಿಯನ್ನು ಹುಟ್ಟುಹಾಕಿದವರು ಬಿಟ್ಟುಹೋದರಂತೆ, ಇನ್ನು ಮುಗಿಯಿತು; ಕಂಡಕ್ಟರ್ ಮಾವನನ್ನು ಕೋಡಂಗಿ ಮಾಡಬೇಡಿ; ನಿಲ್ಲಿಸುವುದಾದರೆ ನಿಲ್ಲಿಸಿ, ಕೆಡಿಸಬೇಡಿ. ‘ಕಾಕಾ, ಇದರಲ್ಲಿ ಅರ್ಧ ಪತ್ರ ನನ್ನ ಒಂದು ಸಾಲೂ ಪ್ರಸಾರವಾಗುವ ಮೊದಲೇ ಬಂದವು. ನೋಡದೆಯೇ ತೀರ್ಪು ಕೊಟ್ಟವರಿಗೆ ಏನು ಬರೆಯಲಿ?’ ಎಂದು ಕೇಳಿದ್ದೀಯ.

ಆ ರಾಶಿಯಲ್ಲಿ ಒಂದು ಕಾರ್ಡು ಇದೆ. ನೀನು ಸರಿಯಾಗಿ ನೋಡಿದಂತಿಲ್ಲ. ಬೆಟಗೇರಿಯ ಟೇಲರ್ ಒಬ್ಬರು ಬರೆದದ್ದು. ಅಂಚಿನಲ್ಲಿ ಯಾರದೋ ಅಂಗಿಯ ಅಳತೆಯನ್ನು ಪೆನ್ಸಿಲಿನಲ್ಲಿ ಗೀಚಿದ್ದಾರೆ: ಎದೆ 38, ತೋಳು 23. ಒಕ್ಕಣೆ ಮೂರೇ ಸಾಲು. ‘ಮಂಗಳವಾರ ಕಂಡಕ್ಟರ್ ಮಾವ ಕಿರಾಣಿ ಅಂಗಡಿಯಲ್ಲಿ ಹತ್ತು ರೂಪಾಯಿ ಚಿಲ್ಲರೆ ಬಿಟ್ಟು ಬಂದರು. ಅವರು ಬಿಡುವವರಲ್ಲ. ಈಗ ಯಾರು ಬರೆಯುತ್ತಿದ್ದೀರಿ?’

ನಲವತ್ತು ವರ್ಷ ಬರೆದೆ ತಂಗಿ, ಇಷ್ಟು ಒಳ್ಳೆಯ ವಿಮರ್ಶೆ ನನಗೆ ಯಾವ ಪತ್ರಿಕೆಯಲ್ಲೂ ಬರಲಿಲ್ಲ. ನಗು ಬರಲಿಲ್ಲವೆಂದು ಆತ ದೂರಿಲ್ಲ. ಆ ದೃಶ್ಯದ ಮಾತುಗಳು ಚೆನ್ನಾಗಿಯೇ ಇವೆ, ನಾನೂ ನಕ್ಕೆ. ಸೊಸೆಯ ಫೋನು ಬರುವುದರೊಳಗೆ ಮಾವನನ್ನು ಅಂಗಡಿಯಿಂದ ಹೊರಗೆ ತರಬೇಕಿತ್ತು ನಿನಗೆ, ಅದಕ್ಕೆ ಚಿಲ್ಲರೆ ಮರೆಸಿದೆ. ಜೀವಮಾನವೆಲ್ಲ ಟಿಕೆಟ್ಟಿನ ಹಿಂಬದಿಯಲ್ಲಿ ‘ಬಾಕಿ 3’ ಎಂದು ಬರೆದುಕೊಟ್ಟು, ಇಳಿಯುವಾಗ ಕೇಳಲು ಮರೆತವರನ್ನು ಕಂಡರೆ ಒಳಗೊಳಗೇ ಖುಷಿಪಟ್ಟ ಮನುಷ್ಯ, ಅಂಗಡಿಕಟ್ಟೆಯ ಮೇಲೆ ತನ್ನದೇ ಹತ್ತು ರೂಪಾಯಿ ಮರೆಯುತ್ತಾನೆಯೇ? ಅವಸರ ಕಥೆಗಿತ್ತು, ಅವನಿಗಿರಲಿಲ್ಲ. ಹೊಲಿಗೆ ಬಿಟ್ಟ ಜಾಗ ಟೇಲರ್ ಕಣ್ಣಿಗೆ ಬೀಳದೆ ಇರುತ್ತದೆಯೇ?

ಕರ್ತೃ ಹೋದಾಗ ವೀಕ್ಷಕರು ಪಡುವ ಆತಂಕದಲ್ಲಿ ಇಷ್ಟೇ ಇರುವುದು. ಬರೆಯುತ್ತಿದ್ದವರ ಹೆಸರು ಅವರಲ್ಲಿ ಬಹಳ ಮಂದಿಗೆ ಗೊತ್ತಿರಲೂ ಇಲ್ಲ, ಬಿಟ್ಟುಹೋದ ಸುದ್ದಿ ಬಂದಮೇಲೆ ತಿಳಿಯಿತು. ಅವರಿಗೆ ಗೊತ್ತಿರುವುದು ಮಾವ ಯಾವುದಕ್ಕೆ ಸಿಟ್ಟಾಗುತ್ತಾನೆ, ಯಾರೆದುರು ಸೋಲುತ್ತಾನೆ, ಎಷ್ಟು ರೂಪಾಯಿಗೆ ಎಷ್ಟು ದೂರ ನಡೆಯುತ್ತಾನೆ ಎಂಬುದು. ಅದು ತಪ್ಪಿದರೆ ಮನೆಗೆ ಬಂದು ಹೋಗುವ ನೆಂಟನಿಗೆ ತಲೆ ಕೆಟ್ಟಿತೇನೋ ಎಂಬಂತೆ ದಿಗಿಲಾಗುತ್ತದೆ.

ನೀನು ‘ಕಮ್ಯೂನಿಟಿ’ಯ ಹೆಸರೆತ್ತಿದ್ದೀಯ. ಮೊಮ್ಮಗ ತೋರಿಸಿದ್ದರಿಂದ ನಾನೂ ನೋಡಿದ್ದೇನೆ, ಅರ್ಧ ಅರ್ಥವಾಗದಿದ್ದರೂ. ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 2009ರಲ್ಲಿ ಶುರುವಾದ ಹಾಸ್ಯ ಧಾರಾವಾಹಿ, ಡ್ಯಾನ್ ಹಾರ್ಮನ್ ಕಟ್ಟಿದ್ದು, ಒಂದು ಬಡಪಾಯಿ ಕಾಲೇಜಿನ ಏಳು ಜನ ಸಹಪಾಠಿಗಳ ಕಥೆ. ಹೊರಗಿನಿಂದ ನೋಡಿದರೆ ಬರೀ ಸಿನಿಮಾಗಳ ಅಣಕ, ಕಾಲೇಜಿನ ತುಂಬ ಬಣ್ಣದ ಗುಂಡು ಹೊಡೆದಾಟ. ಒಳಗಿನ ಕಟ್ಟಡ ಬೇರೆ. ಹಾರ್ಮನ್ ಒಂದು ಚಕ್ರ ಬರೆದು ಅದನ್ನು ಎಂಟು ಪಾಲು ಮಾಡಿ ಕಥೆ ಹೆಣೆಯುವವನು: ಒಬ್ಬನಿಗೆ ಏನೋ ಬೇಕು, ಅದಕ್ಕಾಗಿ ಗೊತ್ತಿಲ್ಲದ ಜಾಗಕ್ಕೆ ಇಳಿಯುತ್ತಾನೆ, ಹುಡುಕುತ್ತಾನೆ, ಸಿಗುತ್ತದೆ, ಬೆಲೆ ತೆರುತ್ತಾನೆ, ಬೇರೆಯವನಾಗಿ ಮರಳುತ್ತಾನೆ. 2012ರ ಮೇ ತಿಂಗಳಲ್ಲಿ, ಮೂರನೆಯ ಸರಣಿ ಮುಗಿದ ಬೆನ್ನಿಗೇ, ಅವನನ್ನು ಕಿತ್ತು ಡೇವಿಡ್ ಗ್ವಾರಾಸಿಯೊ ಮತ್ತು ಮೋಸೆಸ್ ಪೋರ್ಟ್ ಎಂಬ ಇಬ್ಬರಿಗೆ ಒಪ್ಪಿಸಿದರು. ಅಭಿಮಾನಿಗಳು ಅಂದೇ ಸೂತಕ ಹಿಡಿದರು.

ಬಂದವರು ದಡ್ಡರಲ್ಲ, ಅನುಭವಿಗಳು. 2013ರಲ್ಲಿ ಅವರ 13 ಕಂತು ಬಂದವು. ಮೊದಲನೆಯದು ಆ ಸೂತಕವನ್ನೇ ಗೇಲಿ ಮಾಡಿ ತೆರೆಯುತ್ತದೆ: ಒಬ್ಬ ಹುಡುಗನ ತಲೆಯೊಳಗೆ ಅದೇ ಗುಂಪು, ಆದರೆ ಮಾತುಮಾತಿಗೆ ಹಿನ್ನೆಲೆಯಲ್ಲಿ ರೆಕಾರ್ಡು ಮಾಡಿದ ನಗು, ಒಬ್ಬ ನಟನ ಜಾಗದಲ್ಲಿ ಇನ್ನೊಬ್ಬ. ಜಾಣತನವೇ ಸರಿ. ಆಮೇಲಿನ ಕಂತುಗಳು ನನಗೆ ಮದುವೆಯ ಮರುದಿನದ ಊಟದಂತೆ ಕಂಡವು: ಬೂಂದಿ ಇದೆ, ಬದನೆಕಾಯಿ ಪಲ್ಯ ಇದೆ, ನಿನ್ನೆ ಜನ ಹೊಗಳಿದ್ದೆಲ್ಲ ಇದೆ, ಒಲೆ ಮಾತ್ರ ಹೊತ್ತಿಸಿಲ್ಲ. 2014ರ ಜನವರಿಯಲ್ಲಿ ಐದನೆಯ ಸರಣಿಗೆ ಹಾರ್ಮನ್ ಮರಳಿದ. ತಾನಿಲ್ಲದ ಆ ಸರಣಿಯನ್ನು ಪಾತ್ರಗಳ ಬಾಯಿಂದಲೇ ‘ಗ್ಯಾಸ್ ಸೋರಿದ ವರ್ಷ’ ಎಂದು ಕರೆಸಿಬಿಟ್ಟ. ನಾನು ನಕ್ಕೆ. ಆಮೇಲೆ ಆ 13 ಕಂತುಗಳಿಗೆ ನಿದ್ದೆಗೆಟ್ಟವರನ್ನು ನೆನೆದೆ, ನಗು ಇಳಿಯಿತು. ಈಗ ನಿನ್ನನ್ನೂ ನೆನೆಯುತ್ತಿದ್ದೇನೆ.

ಅಮೆರಿಕದ್ದೇ ಇನ್ನೊಂದು ಹಾಸ್ಯ ಧಾರಾವಾಹಿ ‘ಸೈನ್‌ಫೆಲ್ಡ್’ನ ಲೆಕ್ಕ ಬೇರೆ. ಅದನ್ನು ಹುಟ್ಟುಹಾಕಿದ ಇಬ್ಬರಲ್ಲಿ ಲ್ಯಾರಿ ಡೇವಿಡ್ ಏಳು ಸರಣಿ ಮಾಡಿ 1996ರಲ್ಲಿ ಹೊರನಡೆದ. ಜಾರ್ಜ್ ಎಂಬ ಜಿಪುಣ, ಪುಕ್ಕಲು, ಸುಳ್ಳುಬುರುಕ ಪಾತ್ರ ಅವನದೇ ಅಚ್ಚು. ಅಚ್ಚಿನ ಮೂಲವೇ ಹೋದಮೇಲೆ ಜಾರ್ಜ್ ಏನಾಗುತ್ತಾನೆ ಎಂಬ ಭಯ ಸಹಜ. ಎಲ್ಲ ಹೊರೆ ತನ್ನ ತಲೆಗೆ ಬಿದ್ದಾಗ ಆ ಇಬ್ಬರಲ್ಲಿ ಇನ್ನೊಬ್ಬನಾದ ಜೆರ್ರಿ ಸೈನ್‌ಫೆಲ್ಡ್, ಕಂತಿನ ಆರಂಭದಲ್ಲಿ ತಾನು ವೇದಿಕೆಯಲ್ಲಿ ನಿಂತು ಹೇಳುತ್ತಿದ್ದ ನಗೆಮಾತುಗಳನ್ನು ಕೈಬಿಟ್ಟ. ಅಷ್ಟು ವರ್ಷ ಧಾರಾವಾಹಿಯ ಗುರುತೇ ಆಗಿದ್ದದ್ದು ಅದು! ಕಥೆಗಳ ಓಟ ಹೆಚ್ಚಿತು, ಸ್ವಲ್ಪ ಹುಚ್ಚೂ ಹಿಡಿಯಿತು. ಹಳೆಯ ಸಾವಧಾನ ಇಲ್ಲವೆಂದು ಗೊಣಗಿದವರು ಇದ್ದೇ ಇದ್ದರು. ಜಾರ್ಜ್ ಮಾತ್ರ ತನ್ನ ಚಿಲ್ಲರೆ ಬಿಡಲಿಲ್ಲ, ಇನ್ನೆರಡು ಸರಣಿ ನಡೆಯಿತು. 1998ರ ಮೇ 14ರ ಕೊನೆಯ ಕಂತನ್ನು ಲ್ಯಾರಿ ಡೇವಿಡ್ ತಾನೇ ಬಂದು ಬರೆದ. ಅಮೆರಿಕದಲ್ಲಿ ಸುಮಾರು 7.6 ಕೋಟಿ ಜನ ನೋಡಿದರು, ಬಹಳ ಮಂದಿ ಮುಖ ಗಂಟಿಕ್ಕಿಕೊಂಡು ಎದ್ದರು. ಹಳಬರನ್ನು ಮರಳಿ ಕರೆಸಿ ಎಂದು ಬರೆಯುವವರಿಗೆ ಇದನ್ನು ಹೇಳಲು ಹೋಗಬೇಡ, ಕೇಳುವುದಿಲ್ಲ. ನಿನಗೆ ಗೊತ್ತಿದ್ದರೆ ಸಾಕು.

ಅಷ್ಟು ದೂರ ಯಾಕೆ? ತಾರಕ್ ಮೆಹ್ತಾ 1971ರಲ್ಲಿ ಗುಜರಾತಿಯ ‘ಚಿತ್ರಲೇಖಾ’ ವಾರಪತ್ರಿಕೆಯಲ್ಲಿ ಶುರುಮಾಡಿದ ಅಂಕಣದಿಂದ ಹುಟ್ಟಿದ ಹಿಂದಿ ಧಾರಾವಾಹಿ 2008ರಿಂದ ನಡೆಯುತ್ತಿದೆ. ಅವರು 2017ರಲ್ಲಿ ತೀರಿಕೊಂಡರು, ಧಾರಾವಾಹಿ ನಿಲ್ಲಲಿಲ್ಲ. ಅದರ ಗುಣದ ಬಗ್ಗೆ ನನ್ನ ಅಭಿಪ್ರಾಯ ಕೇಳಬೇಡ, ನಿನ್ನ ಕಾಕು ದಿನಾ ನೋಡುತ್ತಾಳೆ.

ನಿಮ್ಮ ಊರಿನದೇ ಒಂದು ಸಂಗತಿ ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿದ್ದಾಗ ತೋಂಟದಾರ್ಯ ಜಾತ್ರೆಗೆ ನಾಟಕ ಕಂಪನಿಯೊಂದು ಕ್ಯಾಂಪ್ ಹಾಕಿತ್ತು. ಹಿಂದಿನ ವರ್ಷ ನಗಿಸಿ ಹೊಟ್ಟೆ ಹುಣ್ಣಾಗಿಸಿದ ಹಾಸ್ಯನಟ ಸಂಬಳದ ಜಗಳವಾಡಿ ಬೇರೆ ಕಂಪನಿ ಸೇರಿದ್ದ. ಹೊಸಬ ಬಂದ. ಅದೇ ಕುಂಟು ನಡಿಗೆ, ಟವೆಲನ್ನು ಅದೇ ರೀತಿ ಹೆಗಲಿಂದ ಹೆಗಲಿಗೆ ಎಸೆಯುವುದು, ಅದೇ ಕೀರಲು ದನಿ. ಒಂದೂ ತಪ್ಪಿಲ್ಲ. ತಗಡಿನ ಥಿಯೇಟರಿನಲ್ಲಿ ಹಾರ್ಮೋನಿಯಂ ನುಡಿಸುವ ಪೆಟ್ಟಿಗೆ ಮಾಸ್ತರರ ಕೆಮ್ಮು ಕೇಳುವಷ್ಟು ಮೌನ. ಹಿಂದಿನಿಂದ ಒಬ್ಬ ಕೂಗಿದ: ‘ಟವೆಲ್ ಬಂತು, ಅವನೆಲ್ಲಿ?’ ಆ ರಾತ್ರಿಯ ಮೊದಲ ನಗು ಅದಕ್ಕೇ ಬಿದ್ದದ್ದು. ನಾನು ಮತ್ತೆ ಹೋದದ್ದು ನಾಲ್ಕೈದು ದಿನ ಬಿಟ್ಟು. ಆ ಹೊತ್ತಿಗೆ ಹೊಸಬ ಟವೆಲು ಬಿಟ್ಟಿದ್ದ, ನೆಟ್ಟಗೆ ನಡೆಯುತ್ತಿದ್ದ. ಪಾತ್ರ ಮಾತ್ರ ಹಳೆಯದೇ, ಗೌಡರೆದುರು ಹೊಗಳಿ ಬೆನ್ನ ಹಿಂದೆ ಬೈಯುವ ಆಳು. ಬೈಯುವಾಗ ಇವನು ದನಿ ತಗ್ಗಿಸುತ್ತಿದ್ದ, ಮುಂದಿನ ಸಾಲಿನವರು ಕೇಳಲೆಂದು ಬಾಗುತ್ತಿದ್ದರು. ಜನ ಅವನನ್ನು ಪೂರ್ತಿ ಒಪ್ಪಿಕೊಂಡರೋ ಇಲ್ಲವೋ ಹೇಳಲಾರೆ, ಅಷ್ಟರಲ್ಲಿ ಅಪ್ಪ ಕಿವಿ ಹಿಂಡಿ ಮನೆಯಲ್ಲಿ ಕೂರಿಸಿದರು.

ನಿನ್ನ ಕಂತುಗಳಲ್ಲಿ ನನಗೆ ಕಂಡ ಟವೆಲು ಯಾವುದು ಹೇಳಲೇ? ಮಾವನ ‘ರೀ’. ಹಿಂದಿನವರು ಹಳೇ ಮೈಸೂರು ಕಡೆಯವರು, ನಮ್ಮ ಮಾತನ್ನು ದೂರದಿಂದ ಕೇಳಿದವರು. ಪ್ರತಿ ಮಾತಿನ ತುದಿಗೆ ಒಂದು ‘ರೀ’ ಅಂಟಿಸಿದರೆ ಹುಬ್ಬಳ್ಳಿಯವನಾದ ಎಂದು ನಂಬಿದ್ದರು. ಜನರೂ ಸಹಿಸಿಕೊಂಡರು, ಬೇರೆಯದೆಲ್ಲ ಸರಿಯಿತ್ತಲ್ಲ. ಗದಗಿನಲ್ಲಿ ಹುಟ್ಟಿದ ನೀನು ಅದನ್ನೇ ನಕಲು ಮಾಡುತ್ತಿದ್ದೀಯ! ನಮ್ಮಲ್ಲಿ ಡಿಪೋ ಮ್ಯಾನೇಜರಿಗೆ ‘ರೀ’ ಹಚ್ಚಿದ ಮನುಷ್ಯನೇ ಓರಗೆಯ ಗೆಳೆಯನಿಗೆ ‘ಲೇ’ ಹಚ್ಚುತ್ತಾನೆ, ಜಗಳವಾದ ಗೆಳೆಯನಿಗೆ ಮತ್ತೆ ‘ರೀ’ಗೆ ಬರುತ್ತಾನೆ. ಹತ್ತಿರದವನಿಗೆ ಬಹುವಚನ ಹಚ್ಚುವುದಕ್ಕಿಂತ ದೊಡ್ಡ ಬೈಗುಳ ಧಾರವಾಡದಲ್ಲಿ ಇದೆಯೇ? ಅಷ್ಟರಲ್ಲೇ ಒಂದು ಕಂತು ಇದೆ. ಹಿಂದಿನವರಿಗೆ ಅದು ಬರೆಯಲು ಬರುತ್ತಿರಲಿಲ್ಲ.

ಅವರ ಕಾಲದಲ್ಲಿ ಇರದ ಇನ್ನಷ್ಟು ವಿಷಯವೂ ನಿನ್ನ ಕೈಯಲ್ಲಿದೆ. 2023ರ ಜೂನ್‌ನಿಂದ ಮಾವನ ಹೆಂಡತಿಗೆ ಸಿಟಿ ಬಸ್ಸಿನಲ್ಲಿ ಶೂನ್ಯ ಟಿಕೆಟ್. ಬೆರಳು ಸವೆಯುವಷ್ಟು ಟಿಕೆಟ್ ಹರಿದವನ ಪಕ್ಕದಲ್ಲೇ ಕೂತು, ಅವನಿಗೆ ಮಾತ್ರ ದುಡ್ಡು ಎಂದು ಆಕೆ ಕಿಟಕಿಯತ್ತ ತಿರುಗಿ ನಗುವುದನ್ನು ಯೋಚಿಸು. ಆಮೇಲೆ ನಮ್ಮ ಚಿಗರಿ ಬಸ್ಸು. ಹುಬ್ಬಳ್ಳಿ–ಧಾರವಾಡ ನಡುವೆ ಅದಕ್ಕೇ ಪ್ರತ್ಯೇಕ ದಾರಿ, ಟಿಕೆಟ್ ನಿಲ್ದಾಣದಲ್ಲೇ ತೆಗೆಯಬೇಕು, ಒಳಗೆ ಕಂಡಕ್ಟರ್ ಇಲ್ಲ. ಮಾವ ಅದರಲ್ಲಿ ಇನ್ನೂ ಕಾಲಿಟ್ಟಿಲ್ಲ ಎಂದರೆ ನನಗೆ ನಂಬಲಾಗುವುದಿಲ್ಲ.

ಇನ್ನೊಂದು, ಇದನ್ನು ನಾಲ್ಕು ಜನರಿಗೆ ಓದಿ ಹೇಳಬೇಡ. ನಾನೂ ಒಂದು ಹಾಸ್ಯ ಧಾರಾವಾಹಿಯನ್ನು ನಡುವೆ ಬಿಟ್ಟು ಬಂದವನು. ಯಾವ ವಾಹಿನಿ, ಯಾಕೆ ಎಂಬುದೆಲ್ಲ ಹಳೆಯ ಮಾತು. ಬಿಟ್ಟ ಮೇಲೆ ಲೈನ್ ಬಜಾರಿನಲ್ಲಿ ಫೇಡೆ ಕೊಳ್ಳಲು ನಿಂತರೆ ಜನ ‘ನೀವು ಹೋದಮೇಲೆ ಸಪ್ಪೆ ಆಯಿತು’ ಎನ್ನುತ್ತಿದ್ದರು. ಕಾಲು ಕಿಲೋ ಕೇಳಲು ಹೋದವನು ಅರ್ಧ ಕಿಲೋ ಕಟ್ಟಿಸಿಕೊಂಡು ಬರುತ್ತಿದ್ದೆ. ಅದು ಮುಳುಗಲಿ ಎಂದೇ ಕಾಯುತ್ತಿದ್ದೆ, ಮುಚ್ಚಿಡುವುದೇನು? ಒಂದು ಸಂಜೆ ಯಾರದೋ ಮನೆಯಲ್ಲಿ ಟಿವಿ ಹಾಕಿದ್ದರು. ನನ್ನ ಪಾತ್ರ, ಹಟಮಾರಿ ಅತ್ತೆ, ಸೊಸೆಯ ಮೇಲಿನ ಸಿಟ್ಟಿಗೆ ಊಟ ಬಿಟ್ಟು, ರಾತ್ರಿ ಕತ್ತಲಲ್ಲಿ ಅಡುಗೆಮನೆಗೆ ಹೋಗಿ, ಸದ್ದಾಗಬಾರದೆಂದು ಖಡಕ್ ರೊಟ್ಟಿಯನ್ನು ಮುರಿಯದೆ ನೀರಲ್ಲಿ ನೆನೆಸುತ್ತಾಳೆ. ಅದು ನನಗೆ ಹೊಳೆದಿರಲಿಲ್ಲ. ಆರು ವರ್ಷ ಆಕೆಯ ಜೊತೆ ಇದ್ದರೂ ಹೊಳೆದಿರಲಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ, ಮನೆಗೆ ಬಂದು ಊಟ ಮಾಡಲಿಲ್ಲ. ಬರೆದವನು ಯಾರೆಂದು ವಿಚಾರಿಸಿ ಒಂದು ಪತ್ರ ಹಾಕಬೇಕಿತ್ತು. ಹಾಕಲಿಲ್ಲ. ನಿನ್ನ ಧಾರಾವಾಹಿ ಬಿಟ್ಟುಹೋದವರೂ ಎಲ್ಲೋ ಕೂತು ನೋಡುತ್ತಿರುತ್ತಾರೆ, ಅವರಿಂದಲೂ ಪತ್ರ ನಿರೀಕ್ಷಿಸಬೇಡ.

ಪತ್ರಗಳಿಗೆಲ್ಲ ಉತ್ತರ ಬರೆಯಬೇಕಾಗಿಲ್ಲ. ‘ಕೆಡಿಸಬೇಡಿ’ ಎಂದಷ್ಟೇ ಬರೆದವರಿಗೆ ಏನೆಂದು ಉತ್ತರಿಸುತ್ತೀಯ? ಟೇಲರಿಗೆ ಮಾತ್ರ ಉತ್ತರ ಬೇಕು, ಅದನ್ನು ಕಂತಿನಲ್ಲೇ ಕೊಡು. ರಾತ್ರಿ ಹಾಸಿಗೆಯಲ್ಲಿ ಮಾವನಿಗೆ ಆ ಹತ್ತು ರೂಪಾಯಿ ನೆನಪಾಗಲಿ. ಅಂಗಡಿ ಇರುವುದು ಧಾರವಾಡದಲ್ಲಿ, ಅವನಿರುವುದು ಹುಬ್ಬಳ್ಳಿಯಲ್ಲಿ. ಬೆಳಗಾಗುವುದನ್ನೇ ಕಾದು ಚಿಗರಿ ಹತ್ತಲಿ. ಹತ್ತು ರೂಪಾಯಿ ತರಲು ಹೋಗಿ ಬರುವ ಖರ್ಚು ಎಷ್ಟೆಂದು ಹೆಂಡತಿ ಕೇಳಲಿ, ಅವನು ಪ್ರಶ್ನೆ ಹಣದ್ದಲ್ಲ ಎನ್ನಲಿ. ಕಂಡಕ್ಟರ್ ಇಲ್ಲದ ಬಸ್ಸಿನಲ್ಲಿ ಅವನು ಕೂರಲಾರ, ನಿಂತೇ ಇರುತ್ತಾನೆ, ನಾಲ್ಕನೆಯ ನಿಲ್ದಾಣದ ಹೊತ್ತಿಗೆ ಜನರನ್ನು ಮುಂದಕ್ಕೆ ಸರಿಸಲು ಶುರುಮಾಡಿರುತ್ತಾನೆ. ಉಳಿದದ್ದು ನಿನಗೆ ಬಿಟ್ಟದ್ದು.

ಬರೆಯುವ ಮುಂಚೆ ನಿಲ್ದಾಣಕ್ಕೆ ಹೋಗಿ ಟಿಕೆಟ್ಟಿನ ಈಗಿನ ದರ ವಿಚಾರಿಸಿಕೊಂಡು ಬಾ. ಟೇಲರ್ ಅದನ್ನೂ ಲೆಕ್ಕ ಹಾಕುತ್ತಾರೆ.

ನಿನ್ನ
ಕಾಕಾ