ಬಿಸಿ ಪಟ್ಟಿಯ ಲೆಕ್ಕ ಹಾಕುವ ಮಗಳಿಗೆ

ಪ್ರೀತಿಯ ಮಗಳೇ,

ನಿನ್ನ ಕಾಗದ ಬಂತು. ಹಾಟ್ ರೋಲಿಂಗ್‌ನಲ್ಲಿ, ಅಂದರೆ ಕಾದ ಉಕ್ಕನ್ನು ರೋಲ್‌ಗಳ ನಡುವೆ ಒತ್ತಿ ತೆಳುಮಾಡುವಲ್ಲಿ, ಪಟ್ಟಿಯ ತಾಪಮಾನದ ಮಾಡೆಲ್ ಮಾಡುವ ಕೆಲಸ ಸಿಕ್ಕಿದೆ ಅಂತ ಓದಿ ತುಂಬಾ ಖುಷಿಯಾಯಿತು. ಆದರೆ ಒಂದು ಸಾಲು ಚುಚ್ಚಿತು. "ಕೊನೆಯ ಸ್ಟ್ಯಾಂಡ್ (ರೋಲ್ ಜೋಡಿ) ದಾಟಿದ ಮೇಲೆ ಲೆಕ್ಕಕ್ಕೂ ಅಳತೆಗೂ 30 ಡಿಗ್ರಿ ವ್ಯತ್ಯಾಸ ಬರ್ತಿತ್ತು ದೊಡ್ಡಪ್ಪ, ರೋಲ್‌ಗೆ ಹೋಗುವ ಶಾಖದ ಗುಣಾಂಕ ಜಾಸ್ತಿ ಮಾಡಿದೆ, ಸರಿಹೋಯ್ತು" ಅಂತ ಬರೆದಿದ್ದೀಯ. ಸರಿಹೋಗಿಲ್ಲಮ್ಮ, ತಪ್ಪು ಮುಚ್ಚಿಹೋಗಿದೆ.

ನಾನೂ ಹಿಂದೆ ಇದನ್ನೇ ಮಾಡಿದ್ದೆ. 6 ಮಿಲಿಮೀಟರ್ ಪಟ್ಟಿಗೆ ಲೆಕ್ಕ ಚೆನ್ನಾಗಿ ಕೂತಿತ್ತು. 2 ಮಿಲಿಮೀಟರ್ ಪಟ್ಟಿ ಬಂದಾಗ ಮಾಡೆಲ್ ಅಳತೆಗಿಂತ 40 ಡಿಗ್ರಿ ಕಡಿಮೆ ಹೇಳಿತು. ಮೂರು ದಿನ ಪ್ರೋಗ್ರಾಮಿನಲ್ಲೇ ತಪ್ಪು ಹುಡುಕಿದೆ. ಕೊನೆಗೆ ಮಿಲ್ ಹತ್ತಿರ ಹೋಗಿ ನಿಂತೆ. ಪೈರೋಮೀಟರ್ ನೋಡುವ ಜಾಗದಲ್ಲೇ ಪಟ್ಟಿಯ ಮೇಲೆ ನೀರು ನಿಂತು, ದಟ್ಟ ಆವಿ ಏಳುತ್ತಿತ್ತು. ಪೈರೋಮೀಟರ್ ಪಟ್ಟಿ ಸೂಸುವ ಬೆಳಕನ್ನು ಅಳೆಯುತ್ತದೆ. ಆವಿ ಅಡ್ಡ ಬಂದರೆ ಕಡಿಮೆ ತೋರಿಸುತ್ತದೆ. ಆ ಸುಳ್ಳು ಅಳತೆಗೆ ಹೊಂದಲಿ ಅಂತ ಶಾಖದ ನಷ್ಟವನ್ನೆಲ್ಲ ನಾನು ರೋಲ್‌ಗಳ ತಲೆಗೆ ಕಟ್ಟಿದ್ದೆ; ತೆಳು ಪಟ್ಟಿಯಲ್ಲಿ ಆ ಅತಿಯಾದ ನಷ್ಟ ಇನ್ನೂ ದೊಡ್ಡದಾಗಿ ಕಂಡಿತು.

ಹಾಗಾಗಿ ಪ್ರತಿ ನಷ್ಟಕ್ಕೂ ಬೇರೆ ಖಾತೆ ಇಡು. ಮೊದಲು ವಿಕಿರಣ. ಇದು ಕೆಲ್ವಿನ್ ತಾಪಮಾನದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆ. 1050 ಡಿಗ್ರಿಯಲ್ಲಿರುವ 35 ಮಿಲಿಮೀಟರ್ ಬಾರ್ (ಪಟ್ಟಿಯಾಗುವ ಮುಂಚಿನ ದಪ್ಪ ಉಕ್ಕು), ಎಮಿಸಿವಿಟಿ (ವಿಕಿರಣ ಸೂಸುವ ಸಾಮರ್ಥ್ಯ) 0.8 ಅಂತ ಹಿಡಿದರೆ, ಗಾಳಿಯಲ್ಲಿ ಸುಮ್ನೆ ನಿಂತೇ ಸೆಕೆಂಡಿಗೆ ಒಂದೂವರೆ ಡಿಗ್ರಿಯಷ್ಟು ಕಳೆದುಕೊಳ್ಳುತ್ತದೆ. 900 ಡಿಗ್ರಿಯ 3 ಮಿಲಿಮೀಟರ್ ಪಟ್ಟಿಗೆ ಅದು ಸುಮಾರು 12 ಡಿಗ್ರಿ! ತೆಳುವಾದಂತೆ ಹಿಡಿದಿಡುವ ಶಾಖವೇ ಕಡಿಮೆ, ಅಲ್ವಾ. ಆಮೇಲೆ ಮೇಲಿನ ಆಕ್ಸೈಡ್ ಪದರ (ಸ್ಕೇಲ್) ಕೀಳುವ ಡಿಸ್ಕೇಲರ್‌ನ ನೀರು, ಸ್ಟ್ಯಾಂಡ್‌ಗಳ ನಡುವಿನ ನೀರು.

ರೋಲ್ ಕಚ್ಚುವ ಜಾಗದ ಲೆಕ್ಕವೇ ಕಷ್ಟದ್ದು. ಕೆಲವೇ ಮಿಲಿಸೆಕೆಂಡಿನಲ್ಲಿ ಪಟ್ಟಿಯ ಮೇಲ್ಮೈ ನೂರಾರು ಡಿಗ್ರಿ ಇಳಿಯುತ್ತದೆ. ಹೊರಬಂದ ಮೇಲೆ ಒಳಗಿನ ಶಾಖ ಮೇಲೆ ಬಂದು ಮತ್ತೆ ಕೆಂಪೇರುತ್ತದೆ. ದಪ್ಪದ ಉದ್ದಕ್ಕೂ ಒಂದೇ ತಾಪಮಾನ ಅಂದುಕೊಂಡರೆ ಇದು ಕಾಣುವುದೇ ಇಲ್ಲ. ಪದರ ಪದರವಾಗಿ ಲೆಕ್ಕ ಹಾಕು, ಮೇಲ್ಮೈ ಹತ್ತಿರ ಪದರ ತೀರಾ ತೆಳುವಾಗಿರಲಿ. ಸ್ಕೇಲ್ ಮರೆಯಬೇಡ. ಅದು ಉಕ್ಕಿಗಿಂತ ಎಷ್ಟೋ ಕಡಿಮೆ ಶಾಖ ದಾಟಿಸುತ್ತದೆ, ಕಂಬಳಿ ಹೊದ್ದ ಹಾಗೆ. ಜಮಾ ಕಡೆಯೂ ಒಂದಿದೆ: ಲೋಹವನ್ನು ಒತ್ತುವ ಶ್ರಮದ ಬಹುಪಾಲು ಒಳಗೇ ಶಾಖವಾಗುತ್ತದೆ. 40 ಶೇಕಡಾ ದಪ್ಪ ಇಳಿಸಿದರೆ ಹದಿನೈದು ಡಿಗ್ರಿಯಷ್ಟು ಏರುವುದುಂಟು.

ಈ ಖಾತೆಗಳನ್ನು ಬಿಡಿಸುವ ದಾರಿ ನಿಮ್ಮ ಮಿಲ್‌ನ ದಾಖಲೆಯಲ್ಲೇ ಇದೆ. ಮುಂದೆ ಏನೋ ತಡವಾಗಿ ಬಾರ್ ಟೇಬಲ್ ಮೇಲೆ ಒಂದೆರಡು ನಿಮಿಷ ಕಾದ ದಿನಗಳನ್ನು ಹುಡುಕು. ಆಗ ನೀರೂ ಇಲ್ಲ, ರೋಲೂ ಇಲ್ಲ. ಹೆಚ್ಚುಕಡಿಮೆ ಬರೀ ವಿಕಿರಣ. ಕಾಯುವ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ನೋಡಿ ಎಮಿಸಿವಿಟಿ ಹೊಂದಿಸು, ಮತ್ತೆ ಅದನ್ನು ಮುಟ್ಟಬೇಡ. ಆಮೇಲೆ ಒಂದೇ ಗ್ರೇಡ್, ಒಂದೇ ದಪ್ಪದ ಕಾಯಿಲ್‌ಗಳಲ್ಲಿ (ಸುರುಳಿ ಸುತ್ತಿದ ಪಟ್ಟಿ) ಸ್ಟ್ಯಾಂಡ್‌ಗಳ ನಡುವೆ ನೀರು ಹರಿಸಿದವನ್ನೂ ಹರಿಸದವನ್ನೂ ಹೋಲಿಸು. ರೋಲ್‌ನ ಗುಣಾಂಕಕ್ಕೆ ಕೈ ಹಾಕುವುದು ಕಟ್ಟಕಡೆಗೆ, ಅದೂ ದಪ್ಪ ಮತ್ತು ತೆಳು ಎರಡೂ ಪಟ್ಟಿಗೆ ಒಟ್ಟಿಗೆ.

ನಾಳೆಯೇ ಆ ಗುಣಾಂಕವನ್ನು ಹಳೆಯ ಬೆಲೆಗೆ ತಂದಿಡು. 30 ಡಿಗ್ರಿ ವ್ಯತ್ಯಾಸ ಹಾಗೇ ಕಾಣಲಿ, ಹೆದರಬೇಡ. ಆಮೇಲೆ ಪೈರೋಮೀಟರ್ ಪಕ್ಕ ಹೋಗಿ ನಾಲ್ಕು ಕಾಯಿಲ್ ದಾಟುವವರೆಗೂ ನಿಂತು ನೋಡು. ಕಂಡದ್ದನ್ನು ಕಂಡ ಹಾಗೆ ನನಗೆ ಬರೆ.

ನಿನ್ನ ದೊಡ್ಡಪ್ಪ